ಉಳಿತಾಯ ಸೊಪ್ಪಿನ ಕಟ್ಟಿನಲ್ಲಿಲ್ಲ

ಸಂಜೆಯ ಹೊತ್ತು ಯಾವುದೇ ಸಣ್ಣ ಊರಿನ ಪೇಟೆಬೀದಿಯಲ್ಲಿ ನಿಂತರೆ ಪಿಗ್ಮಿ ಕಟ್ಟಿಸಿಕೊಳ್ಳುವವರು ಈಗಲೂ ಕಾಣಸಿಗುತ್ತಾರೆ. ಹೂವಿನಂಗಡಿಯಲ್ಲಿ ಐವತ್ತು, ಚಹಾದಂಗಡಿಯಲ್ಲಿ ನೂರು, ಟೈಲರ್ ಬಳಿ ಇಪ್ಪತ್ತು ರೂಪಾಯಿ ಪಡೆದು, ರಸೀದಿ ಕೊಟ್ಟು ಮುಂದಿನ ಅಂಗಡಿಗೆ ನಡೆಯುತ್ತಾರೆ. ಈ ಪದ್ಧತಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಜನರ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದವರ ಹೆಸರಿನಲ್ಲೂ ಹೀಗೆ ಒಂದು ಖಾತೆ, ಖಾತೆಯಲ್ಲೊಂದಿಷ್ಟು ಗಂಟು ಕೂಡಿತು.

ಪಿಗ್ಮಿ ಕಟ್ಟುವ ಹೂವಾಡಗಿತ್ತಿ ಆ ದಿನದ ದುಡಿಮೆ ಮನೆ ಸೇರುವ ಮೊದಲೇ ಅದರಲ್ಲೊಂದು ಪಾಲನ್ನು ಬೇರೆ ಮಾಡುತ್ತಾಳೆ. ತಿಂಗಳ ಸಂಬಳದ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮೊದಲು ಖರ್ಚು, ಉಳಿದರೆ ಉಳಿತಾಯ. ಹಾಗಾಗಿ ಏನೂ ಉಳಿಯುವುದಿಲ್ಲ. ಮಿತವ್ಯಯದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಸಂಬಳ ಬಂದ ದಿನವೇ ಒಂದು ಮೊತ್ತ ತಾನಾಗಿ ಆರ್‌ಡಿ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟುಬಿಡಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಐದು ವರ್ಷದ ಆರ್‌ಡಿ ತೆರೆಯಬಹುದು. ಮೊತ್ತ ಎಷ್ಟೇ ಸಣ್ಣದಿರಲಿ, ಅದು ಮೊದಲು ಹೋಗಬೇಕು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇಂದು ಪಿಗ್ಮಿ ಸಂಗ್ರಹಿಸುವವರಲ್ಲಿ ಬ್ಯಾಂಕುಗಳಷ್ಟೇ ಅಲ್ಲ, ಪತ್ತಿನ ಸಹಕಾರ ಸಂಘಗಳೂ ಸೌಹಾರ್ದ ಸಹಕಾರಿಗಳೂ ಇವೆ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿಗೆ ಮುಂಚೆ ಇದು ಕೇವಲ 1 ಲಕ್ಷವಿತ್ತು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ, ಪತ್ತಿನ ಸಂಘಗಳಿಗೆ ಅನ್ವಯಿಸುವುದಿಲ್ಲ. ಸಂಘದ ಮೇಲೆ ಎಷ್ಟೇ ನಂಬಿಕೆ ಇರಲಿ, ಅಧ್ಯಕ್ಷರು ಎಷ್ಟೇ ಪರಿಚಯದವರಿರಲಿ, ಮನೆಯ ಅಷ್ಟೂ ಉಳಿತಾಯವನ್ನು ಅಲ್ಲಿಡುವುದು ತರವಲ್ಲ. ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಮಗಳ ಮದುವೆಯ ಹಣ ಕಳೆದುಕೊಂಡ ಮನೆಗಳು ನಮ್ಮ ರಾಜ್ಯದ ಹಲವು ಊರುಗಳಲ್ಲಿವೆ.

ಸರಿ, ಮೊದಲೇ ಎತ್ತಿಡಲು ಹಣ ಎಲ್ಲಿಂದ ಬರಬೇಕು? ಮಾರುಕಟ್ಟೆಯಲ್ಲಿ ನಾವು ಚೌಕಾಶಿ ಮಾಡುವುದು ಸೊಪ್ಪಿನವಳ ಜೊತೆ. ಎರಡು ರೂಪಾಯಿ ಬಿಡಿಸಿಕೊಂಡು ಸಮಾಧಾನ ಪಡುತ್ತೇವೆ. ಅದೇ ಕೈ ತಿಂಗಳು ತಿಂಗಳೂ ಬಡ್ಡಿಗೆ, ಬ್ರ್ಯಾಂಡಿನ ಮಾತ್ರೆಗೆ, ಕಂತಿಗೆ ಸಾವಿರಗಟ್ಟಲೆ ಮರುಮಾತಿಲ್ಲದೆ ಕಟ್ಟುತ್ತದೆ. ದಿನವೂ ಕಣ್ಣಿಗೆ ಬೀಳುವ ಸಣ್ಣ ಖರ್ಚನ್ನು ಹಿಂಡುತ್ತಾ, ಒಮ್ಮೆ ಒಪ್ಪಿಕೊಂಡ ದೊಡ್ಡ ಖರ್ಚನ್ನು ಮತ್ತೆ ನೋಡದೇ ಇರುವುದೇ ನಮ್ಮ ಮನೆಗಳ ನಿಜವಾದ ಸೋರಿಕೆ.

ಜೂನ್ ತಿಂಗಳನ್ನೇ ನೋಡಿ. ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ ಒಟ್ಟಿಗೇ ಬರುತ್ತವೆ. ಅವು ಬರುತ್ತವೆಂದು ಹಿಂದಿನ ಜೂನ್‌ನಲ್ಲೇ ಗೊತ್ತಿತ್ತು. ಗೌರಿ-ಗಣೇಶ, ದಸರಾ, ದೀಪಾವಳಿಗಳ ದಿನ ಪಂಚಾಂಗದಲ್ಲಿವೆ. ಬೈಕಿನ ವಿಮೆ, ಎಲ್‌ಐಸಿ ಕಂತು, ಊರಹಬ್ಬ, ಇವ್ಯಾವುವೂ ಹೇಳದೆ ಬರುವ ನೆಂಟರಲ್ಲ. ಒಂದು ಮನೆಯ ಲೆಕ್ಕ ಹೀಗಿದೆ ಎಂದುಕೊಳ್ಳೋಣ: ಶಾಲೆಗೆ 36,000, ಎಲ್‌ಐಸಿಗೆ 12,000, ಹಬ್ಬಗಳಿಗೆ 8,000, ವಾಹನದ ವಿಮೆಗೆ 4,000. ಒಟ್ಟು 60,000 ರೂಪಾಯಿ, ಅಂದರೆ ತಿಂಗಳಿಗೆ 5,000. ಈ ಐದು ಸಾವಿರವನ್ನು ಪ್ರತಿ ತಿಂಗಳೂ ಬೇರೆ ಖಾತೆಯಲ್ಲಿ ಇಡುತ್ತಾ ಬಂದ ಮನೆಯಲ್ಲಿ ಜೂನ್ ಒಂದು ಸಾಮಾನ್ಯ ತಿಂಗಳು. ಇಡದ ಮನೆಯಲ್ಲಿ ಕೈಗಡ ಶುರುವಾಗುವುದು ಆಗಲೇ.

ಕೈಗಡಕ್ಕೆ ನಮ್ಮ ಕಡೆ ಇರುವ ಬಡ್ಡಿಯ ಮಾತು ಕಿವಿಗೆ ಹಗುರ. ‘ನೂರಕ್ಕೆ ಮೂರು ರೂಪಾಯಿ’ ಎನ್ನುತ್ತಾರೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36. ಕ್ರೆಡಿಟ್ ಕಾರ್ಡಿನ ಬಾಕಿಯೂ ಹೆಚ್ಚುಕಡಿಮೆ ಇಷ್ಟೇ ಬಡ್ಡಿ ತಿನ್ನುತ್ತದೆ. ತಿಂಗಳಿಗೆ ಶೇ. 3.5ರಂತೆ 20,000 ರೂಪಾಯಿ ಬಾಕಿ ಉಳಿಸಿಕೊಂಡರೆ ಬಡ್ಡಿ 700, ಅದರ ಮೇಲೆ ಜಿಎಸ್‌ಟಿ 126 ರೂಪಾಯಿ. ‘ಕನಿಷ್ಠ ಪಾವತಿ’ ಎಂದು ಒಂದು ಸಾವಿರ ಕಟ್ಟಿ ನೆಮ್ಮದಿಯಾಗಿ ಮಲಗಿದವರ ಅಸಲು ಕರಗಿದ್ದು ಇನ್ನೂರು ರೂಪಾಯಿಯೂ ಇಲ್ಲ. ಇಂಥ ಸಾಲ ಇರುವ ಮನೆ ಯಾವ ಠೇವಣಿ ಮಾಡುವ ಮುಂಚೆಯೂ ಮೊದಲು ಇದನ್ನು ತೀರಿಸಬೇಕು. ಪೆಟ್ಟಿಗೆಯಲ್ಲಿ ಬಳೆ, ಸರ ಸುಮ್ಮನೆ ಕೂತಿದ್ದರೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ದುಬಾರಿ ಸಾಲ ತೀರಿಸುವುದರಲ್ಲಿ ಅವಮಾನವೇನೂ ಇಲ್ಲ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕೈಗಡದ ಬಡ್ಡಿಯ ಮೂರರಲ್ಲೊಂದರ ಹತ್ತಿರ ಇರುತ್ತದೆ. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದೊಂದು ಮರೆಯಬಾರದು.

ಮನೆ ಸಾಲದ ಲೆಕ್ಕ ಇನ್ನೂ ದೊಡ್ಡದು. 30 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ಕಂತು ಸುಮಾರು 26,000. ಇಪ್ಪತ್ತು ವರ್ಷದಲ್ಲಿ ಬಡ್ಡಿಯೊಂದೇ 32 ಲಕ್ಷ ದಾಟುತ್ತದೆ. ವರ್ಷಕ್ಕೊಂದು ಕಂತನ್ನು ಹೆಚ್ಚುವರಿಯಾಗಿ ಕಟ್ಟುತ್ತಾ ಹೋದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ತೀರಿ, ಆರು ಲಕ್ಷಕ್ಕೂ ಹೆಚ್ಚು ಬಡ್ಡಿ ಉಳಿಯುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದ್ದಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ದೀಪಾವಳಿ ಬೋನಸ್ಸನ್ನು ಹೊಸ ಟಿವಿಗೆ ಹಾಕಬೇಕೋ ಸಾಲಕ್ಕೆ ಹಾಕಬೇಕೋ ಎಂದು ಮನೆಯವರೆಲ್ಲ ಕೂತು ಮಾತಾಡುವಾಗ ಈ ಆರು ಲಕ್ಷದ ಲೆಕ್ಕವೂ ಮುಂದಿರಲಿ.

ದುಬಾರಿ ಸಾಲಗಳ ಮೂಲ ಹುಡುಕುತ್ತಾ ಹೋದರೆ ಬಹಳ ಸಲ ಸಿಗುವುದು ಒಂದು ಮದುವೆ. ಎರಡು ದಿನದ ಛತ್ರ, ಸಾವಿರ ಎಲೆಯ ಊಟ, ಹತ್ತು ವರ್ಷದ ಕಂತು. ಇದಕ್ಕೆ ಪರ್ಯಾಯವನ್ನು ಹೊರಗೆಲ್ಲೂ ಹುಡುಕಬೇಕಿಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಸರಳವಾಗಿ ಮಾಡಿ ತೋರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ನಾಡಿನ ದೊಡ್ಡ ಕವಿಯ ಮನೆಗೆ ಸಾಕಾದದ್ದು ನಮ್ಮ ಮನೆಗೂ ಸಾಕು ಎಂದು ಗಂಡಿನ ಕಡೆಯವರು ಒಮ್ಮೆ ಬಾಯಿಬಿಟ್ಟು ಹೇಳಿದರೆ ಹೆಣ್ಣಿನ ಮನೆಯವರ ಎದೆಭಾರ ಎಷ್ಟೋ ಇಳಿಯುತ್ತದೆ. ಆ ಮಾತು ಗಂಡಿನ ಕಡೆಯಿಂದಲೇ ಬರಬೇಕು. ಹೆಣ್ಣಿನ ಕಡೆಯವರು ಹೇಳಿದರೆ ನಮ್ಮ ಸಮಾಜ ಅದನ್ನು ಜಿಪುಣತನ ಎನ್ನುತ್ತದೆ.

ಈಗ ಕರೆಂಟು ಬಿಲ್ಲಿಗೆ ಬರೋಣ. 2023ರ ಜುಲೈಯಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಜಾರಿಯಲ್ಲಿದೆ. ಅದರ ಒಂದು ಅಂಶ ಎಷ್ಟೋ ಮನೆಗಳಿಗೆ ಸರಿಯಾಗಿ ತಿಳಿದಿಲ್ಲ. 2022–23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ ಉಚಿತದ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿದರೂ ತಿಂಗಳ ಬಳಕೆ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಅಷ್ಟೂ ಯೂನಿಟ್ಟಿಗೆ ಪೂರ್ತಿ ಬಿಲ್. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನ ದರದಲ್ಲಿ 205 ಯೂನಿಟ್ ಬಳಸಿದವರ ಬಿಲ್ ನಿಗದಿತ ಶುಲ್ಕ, ತೆರಿಗೆ ಸೇರಿ 1,200 ರೂಪಾಯಿ ದಾಟುತ್ತದೆ. ಮಿತಿ 200ರ ಹತ್ತಿರ ಇರುವ ಮನೆಗೆ ಕೊನೆಯ ಐದು ಯೂನಿಟ್ಟಿನ ಬೆಲೆಯೇ ಅಷ್ಟು. ಆದ್ದರಿಂದ ಮೀಟರ್ ಓದುವವರು ಬಂದು ಹೋದ ಇಪ್ಪತ್ತನೇ ದಿನಕ್ಕೆ ನೀವೇ ಒಮ್ಮೆ ಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಅಷ್ಟರಲ್ಲೇ 140 ಆಗಿದ್ದರೆ ಉಳಿದ ಹತ್ತು ದಿನ ಗೀಸರ್ ಮೇಲೆ ಕಣ್ಣಿಡಬೇಕು.

ಗೀಸರ್ ಎಂದೆ, ಏಕೆಂದರೆ ಮನೆಯಲ್ಲಿ ಅತಿ ಹಸಿವಿನ ಯಂತ್ರ ಅದೇ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಒಬ್ಬರಾದ ಮೇಲೊಬ್ಬರು ಬೆನ್ನುಬೆನ್ನಿಗೆ ಸ್ನಾನ ಮುಗಿಸಿದರೆ, ನಲ್ಲಿ ಬಿಟ್ಟುಕೊಳ್ಳುವ ಬದಲು ಬಕೆಟ್ಟಿಗೆ ಹಿಡಿದರೆ ಇದು ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು ಫ್ಯಾನು. 75 ವ್ಯಾಟಿನ ಮೂರು ಹಳೆಯ ಫ್ಯಾನುಗಳು ದಿನಕ್ಕೆ ಎಂಟು ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ 22ಕ್ಕಿಂತ ಕಡಿಮೆ. ಹಳೆಯದು ಚೆನ್ನಾಗಿ ತಿರುಗುತ್ತಿದ್ದರೆ ಇವತ್ತೇ ಕಿತ್ತು ಎಸೆಯಬೇಕಿಲ್ಲ. ಕೆಟ್ಟಾಗ ಕಾಯಿಲ್ ಕಟ್ಟಿಸುವ ಬದಲು ಹೊಸ ಬಗೆಯದನ್ನು ತಂದರಾಯಿತು.

ಔಷಧಿಯ ಖರ್ಚು ಮನೆಯ ಹಿರಿಯರ ಜೊತೆ ಬೆಳೆಯುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಜೀವನಪರ್ಯಂತ ಬೇಕು. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿಯ ಜನರಿಕ್ ರೂಪ ಬ್ರ್ಯಾಂಡಿನ ಬೆಲೆಗಿಂತ ಶೇ. 50ರಿಂದ 90ರಷ್ಟು ಅಗ್ಗ ಎಂಬುದು ಸರ್ಕಾರದ ಲೆಕ್ಕ. ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ 2023ರ ನವೆಂಬರ್‌ನಲ್ಲೇ ಹತ್ತು ಸಾವಿರ ಮುಟ್ಟಿತು. ವೈದ್ಯರನ್ನು ಕೇಳಲು ಸಂಕೋಚ ಬೇಡ. ‘ಡಾಕ್ಟರೇ, ಇದರ ಜನರಿಕ್ ಹೆಸರು ಬರೆದುಕೊಡಿ’ ಎಂದರೆ ಸಾಕು. ಆದರೆ ದುಡ್ಡು ಉಳಿಸಲೆಂದು ಮಾತ್ರೆಯನ್ನು ಎರಡು ದಿನಕ್ಕೊಮ್ಮೆ ನುಂಗುವ ಹಿರಿಯರು ಹಲವು ಮನೆಗಳಲ್ಲಿದ್ದಾರೆ. ಅವರ ಮಾತ್ರೆ ಡಬ್ಬಿಯನ್ನು ಮಕ್ಕಳು ಆಗಾಗ ಎಣಿಸಿ ನೋಡಬೇಕು. ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಇಲ್ಲವಾಗಿದೆ; ದುಬಾರಿ ಎಂದು ಮುಂದೂಡುತ್ತಾ ಬಂದವರು ಮತ್ತೊಮ್ಮೆ ವಿಚಾರಿಸಬಹುದು.

ಅಡುಗೆಮನೆಯನ್ನು ಉದ್ದೇಶಪೂರ್ವಕವಾಗಿ ಹಿಂದಕ್ಕೆ ಇಟ್ಟೆ. ಮಿತವ್ಯಯ ಎಂದೊಡನೆ ಎಲ್ಲರೂ ಅಲ್ಲಿಗೇ ಧಾವಿಸುತ್ತಾರೆ, ಆದರೆ ಅಲ್ಲಿರುವವರಿಗೆ ಆ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಅಜ್ಜಿಯಂದಿರು ವರ್ಷದ ದಿನಸಿಯನ್ನು ಸುಗ್ಗಿಯಲ್ಲೇ ತುಂಬಿಡುತ್ತಿದ್ದರು. ಕಲಬುರಗಿ ಸೀಮೆಯ ತೊಗರಿ ಡಿಸೆಂಬರ್–ಜನವರಿಯಲ್ಲಿ ಕಟಾವಿಗೆ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಜನವರಿಯಿಂದ ಬೇಸಿಗೆಯವರೆಗೆ ಹರಿದು ಬರುತ್ತದೆ. ಹುಣಸೆ ಶಿವರಾತ್ರಿಯ ಆಚೀಚೆ. ಆವಕ ಹೆಚ್ಚಿರುವಾಗ ಕೊಂಡು, ಬೇಳೆಗೆ ಹರಳೆಣ್ಣೆ ಸವರಿ, ಬಿಸಿಲು ತೋರಿಸಿ ಡಬ್ಬಿಗೆ ತುಂಬಿದರೆ ಮಳೆಗಾಲದಲ್ಲಿ ಅರ್ಧ ಕೆಜಿ ಪ್ಯಾಕೆಟ್ಟಿಗಾಗಿ ಅಂಗಡಿಗೆ ಓಡಬೇಕಿಲ್ಲ. ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮೂಟೆ ಇಡಲು ಜಾಗವೆಲ್ಲಿ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಮೂರು ನಾಲ್ಕು ಮನೆಯವರು ಸೇರಿ ಒಂದು ಮೂಟೆ ತರಿಸಿ ಹಂಚಿಕೊಳ್ಳಬಹುದು. ಉತ್ತರ ಕರ್ನಾಟಕದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಎಷ್ಟೋ ಮನೆಗಳಲ್ಲಿ ಜೋಳ, ಮಸಾಲೆ ಖಾರ, ಶೇಂಗಾ ಚಟ್ನಿ ಊರಿಂದಲೇ ಬರುತ್ತವೆ.

ಇನ್ನು ಅಡುಗೆಯಲ್ಲೇ ಅಡಗಿರುವ ಮಿತವ್ಯಯವಿದೆ. ಹಳೇ ಮೈಸೂರಿನ ಬಸ್ಸಾರು ಅದಕ್ಕೆ ಶ್ರೇಷ್ಠ ಉದಾಹರಣೆ ಎಂದು ನನ್ನ ಅನಿಸಿಕೆ. ಬೇಳೆಯೋ ಕಾಳೋ ಸೊಪ್ಪಿನೊಂದಿಗೆ ಒಂದೇ ಪಾತ್ರೆಯಲ್ಲಿ ಬೇಯುತ್ತದೆ; ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಸೊಪ್ಪು-ಕಾಳು ಪಲ್ಯವಾಗುತ್ತದೆ. ಒಂದು ಉರಿಯಲ್ಲಿ ಎರಡು ಪದಾರ್ಥ, ಸತ್ತ್ವದ ಒಂದು ತೊಟ್ಟೂ ಚರಂಡಿಗಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿ, ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿಭಾಗದ ದೋಸೆ, ಒಣಗಿಸಿಟ್ಟ ಹಲಸಿನ ಬೀಜದ ಸಾರು, ಬಡಗಣದ ಮನೆಗಳಲ್ಲಿ ಮುರಿದ ಖಡಕ್ ರೊಟ್ಟಿಗೆ ಕೊಡುವ ಒಗ್ಗರಣೆ, ಇವು ಬಡತನದ ಗುರುತುಗಳಲ್ಲ. ರುಚಿ ಬಲ್ಲವರು ಏನನ್ನೂ ಬಿಸಾಡದೆ ಕಂಡುಕೊಂಡ ಅಡುಗೆಗಳು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಅಂಗಡಿ ಮುಂದೆ ನಿಂತು ನಿಟ್ಟುಸಿರು ಬಿಟ್ಟವರಿದ್ದರು. ಹುಣಸೆಹುಳಿ, ಅಮಟೆಕಾಯಿ, ಒಣಗಿದ ಪುನರ್ಪುಳಿ ಸಿಪ್ಪೆಯಲ್ಲಿ ಸಾರು ಕುದಿಸಿದವರೂ ಇದ್ದರು. ಟೊಮೆಟೊ ಮನೆಮಾತಾಗುವ ಮುಂಚೆಯೂ ಈ ನಾಡು ಹುಳಿ ಉಂಡಿದೆ.

ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಆ್ಯಪ್‌ಗಳ ಬಗ್ಗೆ ಒಂದೇ ಮಾತು. ಕರಿಬೇವು ಮರೆತು ಆರ್ಡರ್ ಮಾಡಲು ಹೋದವರು ತಲುಪಿಸುವ ಶುಲ್ಕ ಉಳಿಸಲೆಂದು ಬಿಸ್ಕತ್ತು, ಚಿಪ್ಸು ಸೇರಿಸುತ್ತಾರೆ. ವಾರಕ್ಕೊಮ್ಮೆ ಚೀಟಿ ಬರೆದು ಸಂತೆಗೋ ಹಾಪ್‌ಕಾಮ್ಸ್‌ಗೋ ಹೋಗುವ ಮನೆಯ ಖರ್ಚನ್ನು ಇದರ ಪಕ್ಕದಲ್ಲಿಟ್ಟು ಒಂದು ತಿಂಗಳು ಬರೆದು ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಮನೆ ಉಳಿಸುವ ದುಡ್ಡು ಯಾರ ತಟ್ಟೆಯಿಂದ ಬರುತ್ತಿದೆ? ಖರ್ಚು ಕಡಿಮೆ ಮಾಡೋಣ ಎಂದು ಯಜಮಾನರು ಹೇಳಿದ ದಿನದಿಂದ ಹಾಲು ಗಂಡನಿಗೂ ಮಕ್ಕಳಿಗೂ ಮೊದಲಿನಷ್ಟೇ ಸಿಗುತ್ತದೆ, ಕಡಿಮೆಯಾಗುವುದು ಅಮ್ಮನ ಲೋಟದಲ್ಲಿ. ಕೊನೆಗೆ ಉಣ್ಣುವವಳು ಮಿಕ್ಕಿದ್ದನ್ನು ಉಣ್ಣುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಬೇಳೆ, ಸೊಪ್ಪು, ಮೊಟ್ಟೆ, ಹಾಲಿನ ಮೇಲೆ ಕತ್ತರಿ ಆಡಿಸುವುದನ್ನು ಉಳಿತಾಯ ಎಂದು ನಾನು ಒಪ್ಪುವುದಿಲ್ಲ. ತಿಂಗಳ ಖರ್ಚಿನ ಪಟ್ಟಿ ಬರೆಯುವಾಗ ಎಲ್ಲರೂ ಕೂರಬೇಕು, ಗಂಡಸರ ಸಿಗರೇಟು, ಹೋಟೆಲಿನ ಕಾಫಿ, ಗೆಳೆಯರ ಪಾರ್ಟಿಗಳೂ ಅದೇ ಹಾಳೆಯಲ್ಲಿ ಬರಬೇಕು.

ಉಳಿಸಿದವಳ ಕೈಯಲ್ಲಿ ಆ ಹಣ ಉಳಿಯುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದಾಗ ಸಾಸಿವೆ ಡಬ್ಬಿಯಲ್ಲಿ, ಸೀರೆ ಮಡಿಕೆಯಲ್ಲಿ, ದೇವರಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಹೆಂಗಸರು ಹೊರತೆಗೆದು ಗಂಡಂದಿರ ಕೈಗೆ ಇಡಬೇಕಾಯಿತು. ಕಷ್ಟಕಾಲಕ್ಕೆಂದು ಇಟ್ಟದ್ದು ಅವರ ಹಿಡಿತ ತಪ್ಪಿತು. ಈಗ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ನೇರ ಅವರ ಖಾತೆಗೇ ಬರುತ್ತದೆ. ಅದರಲ್ಲಿ 500 ರೂಪಾಯಿಯನ್ನಾದರೂ ತಮ್ಮದೇ ಹೆಸರಿನ ಆರ್‌ಡಿಗೆ ಹಾಕಿದರೆ ಐದು ವರ್ಷದಲ್ಲಿ 30,000 ರೂಪಾಯಿ ಅಸಲು, ಮೇಲೆ ಬಡ್ಡಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು; 2024ರ ಜನವರಿಯಲ್ಲಿ ಅದರ ಬಡ್ಡಿ ಶೇ. 8.2ಕ್ಕೆ ಏರಿತು.

ಕೊನೆಯದಾಗಿ, ಉಳಿಸಿಟ್ಟ ಹಣ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತವೆ. ಅಪ್ಪ ಕಟ್ಟಿದ ಪಿಗ್ಮಿ, ಅಜ್ಜ ಇಟ್ಟ ಎಫ್‌ಡಿ ಹೀಗೇ ಮರೆತುಹೋಗುತ್ತವೆ. ಪ್ರತಿ ಪಾಸ್‌ಬುಕ್ಕಿನಲ್ಲಿ ನಾಮನಿರ್ದೇಶನ ಆಗಿದೆಯೇ ನೋಡಿ; 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಿದೆ. ತೀರಿಕೊಂಡ ಹಿರಿಯರ ಹಣ ಎಲ್ಲಾದರೂ ಉಳಿದಿದೆಯೇ ಎಂದು ತಿಳಿಯಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ತೆರೆದಿದೆ. ಅವರ ಹೆಸರು, ಬ್ಯಾಂಕ್, ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟು ಹುಡುಕಬಹುದು. ಸಿಕ್ಕರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ ಹಿಡಿದು ಆ ಬ್ಯಾಂಕಿನ ಶಾಖೆಗೆ ಹೋಗಬೇಕು. ನಿಧಿಗೆ ಸೇರಿಹೋದ ಹಣದ ಮೇಲೂ ವಾರಸುದಾರರ ಹಕ್ಕು ಉಳಿದಿರುತ್ತದೆ, ಅದನ್ನು ಬ್ಯಾಂಕೇ ಕೊಡಬೇಕು.